ವರ್ತಿ ತುಂಬುವ ತನಕ

ಕಲ್ಲವ್ವ ಕೆಟ್ಟ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳಬೇಕಾದ ಕಾರಣವಿಲ್ಲ. ಬಸರೀಹಾಳದಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು, ಹೇಳುವಾಗ ದನಿ ತಗ್ಗಿಸುತ್ತಲೂ ಇರಲಿಲ್ಲ. ಬಾಯಿ ಬಿಟ್ಟರೆ ಬೈಗುಳ, ಕೈ ಎತ್ತಿದರೆ ಏಟು. ಹುಟ್ಟಿದ ಊರಿನ ಮೇಲೆ ಮಮತೆಯಿಲ್ಲ, ಒಡಹುಟ್ಟಿದವನ ಮೇಲೆ ಮರುಕವಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬಾಯಾರಿ ಬಂದವರಿಗೆ ಆಕೆ ನೀರು ಕೊಟ್ಟವಳಲ್ಲ. ಆ ಸೀಮೆಯಲ್ಲಿ ಒಬ್ಬರ ಗುಣ ತಿಳಿಯಲು ಇದಕ್ಕಿಂತ ದೊಡ್ಡ ಪರೀಕ್ಷೆ ಬೇಕಾಗಿರಲಿಲ್ಲ.

ಆಕೆಯ ತಮ್ಮ ಅಜ್ಜಪ್ಪನ ಹೆಂಡತಿ ಗೌರವ್ವನಿಗೆ ಈ ಮಾತು ಕೇಳಿ ತಿಳಿದದ್ದಲ್ಲ, ಮೈಮೇಲೆ ಬಂದದ್ದು.

ಗೌರವ್ವ ಮದುವೆಯಾಗಿ ಬಸರೀಹಾಳಕ್ಕೆ ಬಂದಾಗ ಕಲ್ಲವ್ವ ತವರಿನಲ್ಲೇ ಇದ್ದಳು. ಸಣ್ಣ ವಯಸ್ಸಿನಲ್ಲಿ ಗಂಡ ಸತ್ತಿದ್ದ. ಪೇಟೆಯಲ್ಲಿ ನೇಕಾರರಿಗೆ ನೂಲಿಗೆ ಬಣ್ಣ ಹಾಕಿ ಕೊಡುವ ಗಂಡನ ಬಣ್ಣದ ಮನೆಗೆ ಮೈದುನ ಬೀಗ ಹಾಕಿ, ಆಕೆಯನ್ನು ಚಕ್ಕಡಿ ಹತ್ತಿಸಿ ಕಳಿಸಿದ್ದ. ಅಪ್ಪನ ಮನೆಯ ಮೂಲೆಯಲ್ಲಿ ಕೂತು ಸವೆಯುವ ಜಾತಿಯಲ್ಲ ಆಕೆ. ಮನೆಯ ಎಲ್ಲರ ಮೇಲೆ ಹರಿಹಾಯುತ್ತಿದ್ದಳು, ಹೊಸ ಸೊಸೆಯ ಮೇಲೆ ಹೆಚ್ಚು.

ಬಸರೀಹಾಳದ ಬಾವಿಗಳ ನೀರು ಸವಳು. ಎರೆ ನೆಲದಲ್ಲಿ ಎಷ್ಟು ಆಳ ತೋಡಿದರೂ ಬರುವುದು ಅದೇ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆಯಾಗುವುದಿಲ್ಲ, ಕುಡಿದರೆ ಬಾಯಾರಿಕೆ ಇನ್ನೂ ಹೆಚ್ಚುತ್ತದೆ. ಸಿಹಿನೀರು ಇದ್ದದ್ದು ಊರ ಹೊರಗಿನ ಹಳ್ಳದಲ್ಲಿ. ಗಜೇಂದ್ರಗಡದ ಗುಡ್ಡದ ಸಾಲಿನಿಂದ ಇಳಿದು ಬರುವ ಆ ಹಳ್ಳ ದೀಪಾವಳಿ ದಾಟಿದರೆ ಮೇಲೆ ಒಣಗುತ್ತದೆ, ಉಸುಕಿನ ಅಡಿಯಲ್ಲಿ ಮಾತ್ರ ಜಿನುಗುತ್ತಿರುತ್ತದೆ. ಉಸುಕು ಬಗೆದು ಗುಂಡಿ ತೋಡಿದರೆ ತಳದಲ್ಲಿ ತಿಳಿನೀರು ನಿಲ್ಲುತ್ತದೆ. ಅದೇ ವರ್ತಿ. ಒಂದೊಂದು ಓಣಿಗೆ ಒಂದೊಂದು ವರ್ತಿ. ಸಂಜೆ ಕೊನೆಗೆ ನೀರು ತುಂಬಿದವರು ವರ್ತಿಯ ಬಾಯಿಗೆ ಜಾಲಿ ಮುಳ್ಳು ಮುಚ್ಚಬೇಕು, ಮುಚ್ಚುವ ಮೊದಲು ತೆಂಗಿನ ಪರಟಿಯಲ್ಲಿ ಒಂದಿಷ್ಟು ನೀರು ತುಂಬಿ ದಂಡೆಯ ಮೇಲೆ ಇಟ್ಟು ಬರಬೇಕು. ದಾರಿಹೋಕರಿಗೆ ಅಂತ. ಯಾರು ಈ ಪದ್ಧತಿ ಹಾಕಿದರೋ ಯಾರಿಗೂ ಗೊತ್ತಿರಲಿಲ್ಲ, ಬಿಟ್ಟವರೂ ಇರಲಿಲ್ಲ.

ಹೊಸ ಸೊಸೆ ಗೌರವ್ವ ಅತ್ತೆ ಹೇಳಿಕೊಟ್ಟಂತೆ ಮೊದಲ ಸಲ ಪರಟಿ ತುಂಬಿ ಇಟ್ಟಾಗ, ಹಿಂದಿನಿಂದ ಬಂದ ಕಲ್ಲವ್ವ ಅದನ್ನೆತ್ತಿ ತನ್ನ ಕೊಡಕ್ಕೆ ಸುರಿದುಕೊಂಡಳು.

"ಯಾವ ದಾರಿಹೋಕ ಬರ್ತಾನ ಇಲ್ಲಿ? ನಾಯಿ ಕುಡೀತೈತಿ, ಕಾಗಿ ಕುಡೀತೈತಿ. ನಾಯಿಗೆ ನೀರ ಬಗಸಾಕ ನನ್ನ ಕೈಯಾಗ ಕಸುವಿಲ್ಲ."

"ಅತ್ತಿ ಇಡು ಅಂದಾರಕ್ಕಾ..."

"ನಿಮ್ಮತ್ತಿ ಬಂದು ಹೊರತಾಳೇನ ಕೊಡ? ನಡಿ ಮುಂದ."

ಕೆಲವು ವರ್ಷಗಳ ನಂತರ ಕಲ್ಲವ್ವ ಎದ್ದು ಪೇಟೆಗೆ ಹೋದಳು. ಬಣ್ಣದ ಮನೆಯ ಬಾಗಿಲ ಮುಂದೆ ಕೂತಳು. ಮೈದುನ ಹೆದರಿಸಿದ, ಓಣಿಯ ಹಿರಿಯರು ಬುದ್ಧಿ ಹೇಳಿದರು, ಮಠದ ಸ್ವಾಮಿಗಳ ಕಡೆಯಿಂದ ಮಂದಿ ಬಂದರು. ಬೀಗ ತೆಗೆಯುವ ತನಕ ಆಕೆ ಏಳಲಿಲ್ಲ. ಮುಂದೆ ಹಂಡೆಗಳ ಮುಂದೆ ತಾನೇ ನಿಂತು, ಮೊಣಕೈ ತನಕ ಕೆಂಪು ನೀಲಿ ಮಾಡಿಕೊಂಡು, ಆ ಪೇಟೆಯ ನೇಕಾರರೆಲ್ಲ ತನ್ನಲ್ಲೇ ನೂಲಿಗೆ ಬಣ್ಣ ಹಾಕಿಸುವಂತೆ ಮಾಡಿದಳು. ಇದನ್ನು ಮೆಚ್ಚುವವರು ಮೆಚ್ಚಲಿ. ಗೌರವ್ವನ ನೆನಪಿನಲ್ಲಿ ಆ ಬಣ್ಣದ ಮನೆ ಬೇರೆ ಕಾರಣಕ್ಕೆ ಉಳಿದಿತ್ತು.

ಒಂದು ಬೇಸಿಗೆಯಲ್ಲಿ ಸಂತೆಗೆ ಹೋದವಳು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಬುಟ್ಟಿ, ನಡುಮಧ್ಯಾಹ್ನ ಆ ಬಾಗಿಲಿಗೆ ಹೋಗಿ ನೀರು ಕೇಳಿದ್ದಳು. ಹಂಡೆಗಳ ತುಂಬ ಸಿಹಿನೀರು ತುಳುಕುತ್ತಿತ್ತು.

"ಅದು ಬಣ್ಣಕ್ಕ ಹೊರಿಸಿದ ನೀರ. ಕುಡ್ಯಾಕ ಇಲ್ಲ. ಅಗಸಿ ಹೊರಗ ಬಾವಿ ಐತಿ, ಹೋಗು" ಎಂದಿದ್ದಳು ಕಲ್ಲವ್ವ, ತಲೆ ಕೂಡ ಎತ್ತದೆ.

ಆವತ್ತಿನಿಂದ ಗೌರವ್ವ ಆ ಓಣಿ ತುಳಿಯಲಿಲ್ಲ. ಅಜ್ಜಪ್ಪ ಅಕ್ಕನ ಹೆಸರೆತ್ತಿದರೆ ಆತನ ಮುಂದಿನ ರೊಟ್ಟಿಯನ್ನೇ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಏಕೀಕರಣವಾದ ಎರಡನೆಯ ಬೇಸಿಗೆಯಲ್ಲಿ ಪೇಟೆಗೆ ನಳದ ನೀರು ತರುವ ಮಾತು ಎದ್ದಿತು. ಗುಡ್ಡದ ಕೊಳ್ಳದ ಬಾಯಿಗೆ ಒಡ್ಡು ಕಟ್ಟಿ, ಮಳೆಯ ನೀರನ್ನೆಲ್ಲ ಅಲ್ಲೇ ತಡೆದು ದೊಡ್ಡ ಕೆರೆ ಮಾಡುವುದು, ಅಲ್ಲಿಂದ ಪೇಟೆಗೆ ಕೊಳವೆ ಹಾಕುವುದು. ಎಂಜಿನಿಯರರು ನಕ್ಷೆ ಬರೆದರು. ಒಡ್ಡು ಕಟ್ಟಿದರೆ ಕೆಳಗಿನ ಹೊಲಗದ್ದೆಗೆ, ದನಕರುಗಳಿಗೆ, ಊರುಗಳಿಗೆ ಏನು ಬಾಧೆ ಎಂದು ಪುರಸಭೆ ನೋಡಿ ಬರೆದು ಕೊಡಬೇಕು, ಆಮೇಲೆ ಮಂಜೂರಿ ಎಂದು ಮೇಲಿನಿಂದ ಆಜ್ಞೆಯಾಯಿತು. ನೋಡುವುದಕ್ಕೆ ಮೂವರ ಕಮಿಟಿ. ಅಧ್ಯಕ್ಷರು ತೋಟಪ್ಪ ವಕೀಲರು. ಎರಡನೆಯವರು ಹತ್ತಿಯ ವ್ಯಾಪಾರದ ಮೋದಿನಸಾಬ. ಮೂರನೆಯವಳು ಹೆಂಗಸರಿಗೆಂದು ಮೀಸಲಿಟ್ಟ ಜಾಗದಿಂದ ಆರಿಸಿ ಬಂದ ಕಲ್ಲವ್ವ. ಸೆರಗು ಹೊದ್ದು ಕೂತು ಸಹಿ ಮಾಡುವ ಮುದುಕಿಯೊಬ್ಬಳು ಸಾಕೆಂದು ಪುರಸಭೆಯವರು ಆಕೆಯನ್ನು ಹಾಕಿಕೊಂಡಿದ್ದರು. ಅವರ ದಡ್ಡತನಕ್ಕೆ ಅವರೇ ಹೊಣೆ.

ವಕೀಲರು ಕಚೇರಿಯಲ್ಲಿ ಕೂತೇ ವರದಿ ಬರೆಯುವವರಿದ್ದರು. "ಹಳ್ಳ ನೋಡದನ ಹಳ್ಳದ ಬಗ್ಗೆ ಹ್ಯಾಂಗ ಬರೀತೀರಿ? ನಿಮ್ಮ ಕೋರ್ಟಿನಾಗ ಹಿಂಗ ನಡಿಯೂದೇನ್ರಿ?" ಎಂದು ಕಲ್ಲವ್ವ ಎಲ್ಲರ ಮುಂದೆ ಕೇಳಿದ್ದರಿಂದ ಜೀಪು ಹೊರಡಬೇಕಾಯಿತು.

ಬಸರೀಹಾಳಕ್ಕೆ ಸುದ್ದಿ ಮುಟ್ಟಿದಾಗ ಊರಿನ ಹಿರಿಯನಾಗಿದ್ದ ಅಜ್ಜಪ್ಪ ಚಾವಡಿಯಲ್ಲಿ ನಾಲ್ಕು ಮಂದಿಯನ್ನು ಕೂಡಿಸಿದ. ಕೊಳ್ಳದ ಬಾಯಿ ಕಟ್ಟಿದರೆ ಉಸುಕಿನ ಅಡಿಯ ಜಿನುಗು ನಿಲ್ಲುತ್ತದೆ, ವರ್ತಿ ಬತ್ತುತ್ತದೆ, ಆಮೇಲೆ ಸವಳು ಕುಡಿಯಬೇಕು, ಇಲ್ಲವೇ ಊರು ಬಿಡಬೇಕು. ಇದನ್ನು ಕಮಿಟಿಯವರಿಗೆ ಬಿಡಿಸಿ ಹೇಳತಕ್ಕದ್ದು ಎಂದು ಎಲ್ಲರೂ ಒಪ್ಪಿದರು. ಹೇಳುವವನು ಅಜ್ಜಪ್ಪ.

ಮನೆಯಲ್ಲಿ ಗೌರವ್ವ ಬೇರೆಯದನ್ನೇ ನಿಶ್ಚಯಿಸಿದ್ದಳು.

"ಬರ್ಲಿ ನಿಮ್ಮಕ್ಕ. ಜೀಪಿನಾಗ ಕುಂತು ದರ್ಬಾರ ಮಾಡಾಕ ಬರಾಕತ್ತಾಳ. ಬಾಗಲಿಗೆ ಬಂದವ್ರಿಗೆ ನೀರ ಹ್ಯಾಂಗ ಕೊಡತಾರ ಅಂತ ತೋರಸ್ತೀನಿ."

"ನೀರಿಲ್ಲ ಅಂತ ಹೇಳೂದೈತಿ ಅವ್ರಿಗೆ" ಎಂದ ಅಜ್ಜಪ್ಪ.

"ಹೇಳ್ರಿ, ಯಾರ ಬ್ಯಾಡ ಅಂದ್ರು? ಹೇಳೂದು ನಿಮ್ಮ ಕೆಲಸ. ಬಂದವ್ರನ್ನ ಒಣಬಾಯಿಲೆ ಕೂಡ್ಸಿ ಮಾನ ಕಳಕೊಳ್ಳೂದು ನನ್ನ ಕೆಲಸಲ್ಲ."

ಊರಿನ ಬೇರೆ ಹೆಂಗಸರ ವಿಚಾರವೂ ಇದೇ ಆಗಿತ್ತು. ಅತಿಥಿಗಳು ಬರುವ ದಿನ ಕೊಡ ಖಾಲಿ ಕಾಣಿಸಬಾರದು. ಜೀಪು ಬರುವ ದಿನ ಹೊತ್ತು ಹುಟ್ಟುವ ಮೊದಲೇ ಎಲ್ಲ ವರ್ತಿಗಳನ್ನೂ ತಳದ ಕೆಸರು ಕಾಣುವ ತನಕ ಬಗೆದು ತಂದರು. ಬಾಗಿಲು ಬಾಗಿಲಿಗೆ ನೀರು ಚಿಮುಕಿಸಿ ಥಳಿ ಹೊಡೆದು ಧೂಳು ಅಡಗಿಸಿದರು. ಆ ಥಳಿಗೆ ಕೂಡ ಗೌರವ್ವ ಸವಳು ನೀರನ್ನು ಬಳಸಗೊಡಲಿಲ್ಲ. ಸವಳು ಒಣಗಿದರೆ ನೆಲದ ಮೇಲೆ ಬಿಳಿ ಕಲೆ ಏಳುತ್ತದೆ, ನೋಡಿದವರು ಏನಂದಾರು?

ಜೀಪು ಬಂದು ನಿಂತಾಗ ಓಣಿ ತಣ್ಣಗೆ ಹಸಿಯಾಗಿತ್ತು. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು, ಗೋಡೆಗೆ ಸಾಲಾಗಿ ಬೆಳಗಿದ ತಾಮ್ರದ ಕೊಡಗಳು, ಒಂದೊಂದೂ ಕಂಠಮಟ್ಟ ತುಂಬಿದ್ದವು. ಕಾಲಿಗೆ ನೀರು, ಮುಖಕ್ಕೆ ನೀರು, ಆಮೇಲೆ ತಾಟಿನಲ್ಲಿ ಬೆಲ್ಲ, ತಂಬಿಗೆಯಲ್ಲಿ ತಣ್ಣನೆಯ ಕುಡಿಯುವ ನೀರು. ಮೋದಿನಸಾಬನಿಗೆ ಗೋಡೆಯ ಮಾಡಿನಿಂದ ಬೇರೆ ಗಾಜಿನ ಗ್ಲಾಸು ಇಳಿಯಿತು. ಆತ ಅದರಲ್ಲೇ ಕುಡಿದ. ತೋಟಪ್ಪ ವಕೀಲರು ಒಂದು ತಂಬಿಗೆಯನ್ನು ಗಟಗಟನೆ ಮುಗಿಸಿ ಇನ್ನೊಂದಕ್ಕೆ ಕೈಚಾಚಿದರು.

"ಅಮೃತ ಅಮೃತ! ಪೇಟ್ಯಾಗ ಇಂಥಾ ನೀರ ಕನಸಿನಾಗೂ ಸಿಗಂಗಿಲ್ಲ. ಹಾಂ, ಅಜ್ಜಪ್ಪನವರ, ಹೇಳ್ರಿ. ನಿಮ್ಮೂರಿಗೆ ನೀರಿನ ತ್ರಾಸ ಏನರ ಐತೇನು?"

ಅಜ್ಜಪ್ಪ ಎದ್ದು ನಿಂತ. ಹೊರಗೆ ಊರು ನೆರೆದಿತ್ತು. ಆತ ಕೊಡಗಳ ಸಾಲನ್ನು ನೋಡಿದ, ಹಸಿ ಓಣಿಯನ್ನು ನೋಡಿದ, ತನ್ನ ಮನೆಯ ತಂಬಿಗೆ ಹಿಡಿದು ಕೂತ ಅತಿಥಿಯನ್ನು ನೋಡಿದ. ಮನೆಗೆ ಬಂದವರು ಹೇಗಿದ್ದೀರಿ ಎಂದು ಕೇಳಿದರೆ ಆ ಊರಿನಲ್ಲಿ ತಲೆತಲಾಂತರದಿಂದ ಹೇಳುತ್ತ ಬಂದ ಉತ್ತರ ಒಂದೇ. ಅದೇ ಆತನ ಬಾಯಿಂದ ಬಂತು.

"ಏನ ಕಡಿಮಿ ಇಲ್ರಿ. ದೇವ್ರ ನಡಸ್ಯಾನ, ನಿಮ್ಮ ಆಶೀರ್ವಾದ."

ಹಿಂದೆ ನಿಂತವರೆಲ್ಲ ತಲೆಯಾಡಿಸಿದರು. ಹಾಗೆ ತಲೆಯಾಡಿಸುವುದೂ ಪದ್ಧತಿಯೇ.

"ಆತಲ್ಲ!" ವಕೀಲರು ಮೊಣಕಾಲಿನ ಮೇಲೆ ಹಾಳೆ ಇಟ್ಟುಕೊಂಡು ಬರೆಯತೊಡಗಿದರು. "ಊರಾಗ ಹೇರಳ ಸಿಹಿನೀರು ಐತಿ. ಹಿರಿಯರದು ತಕರಾರು ಏನೂ ಇಲ್ಲ. ಒಡ್ಡಿನಿಂದ ಬಾಧೆ ಇಲ್ಲ. ಕಲ್ಲವ್ವನವರ, ಕಡೀಕ ನಿಮ್ಮ ಸಹಿ."

ಕಲ್ಲವ್ವ ಪಡಸಾಲೆ ಹತ್ತಿರಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದಳು. ಗೌರವ್ವ ಬೇಕೆಂದೇ ಎಲ್ಲರಿಗಿಂತ ದೊಡ್ಡ ತಂಬಿಗೆಯನ್ನು ತುಳುಕುವಂತೆ ತುಂಬಿ ಆಕೆಯ ಮುಂದೆ ಹಿಡಿದಳು. ಇಷ್ಟು ವರ್ಷ ಕಾದ ಗಳಿಗೆ ಅದು.

"ಕುಡೀ ಅಕ್ಕಾ. ನಮ್ಮ ಮನ್ಯಾಗ ಕುಡ್ಯಾಕ ಕೊಡತೀವಿ."

ಕಲ್ಲವ್ವ ತಂಬಿಗೆ ಮುಟ್ಟಲಿಲ್ಲ. ಬಗ್ಗಿ ಅಂಗಳದ ಹಸಿ ಮಣ್ಣನ್ನು ಬೆರಳಿನಿಂದ ಕೆದರಿ ನೋಡಿದಳು.

"ಥಳಿಗೆ ವರ್ತಿ ನೀರ ಹಾಕಿಯೇನ?"

"ಹೌದು. ಏನೀಗ?"

"ಓಣಿ ತುಂಬ?"

"ಓಣಿ ತುಂಬ. ಬಂದವ್ರಿಗೆ ಮರ್ಯಾದಿ ಮಾಡೂದು ನಮಗ ಗೊತ್ತೈತಿ."

"ಮರ್ಯಾದಿ!" ಕಲ್ಲವ್ವನ ದನಿ ಓಣಿಯ ಆ ತುದಿಗೆ ಕೇಳಿಸಿತು. "ನಿನ್ನ ಡೌಲಿಗೆ ಬೆಂಕಿ ಹತ್ತಲಿ. ಊರ ಬಾಯಾಗ ಮಣ್ಣ ಬೀಳೂ ಹೊತ್ತಿನಾಗ ಕೊಡ ಬೆಳಗಿ ಸಾಲ ಹಚ್ಚೀಯಲ್ಲ, ಮುಂದಿನ ವರ್ಷ ಇದರಾಗ ಏನ ತುಂಬಿ ಇಡತೀ? ಕಣ್ಣೀರು? ಮತ್ತ ನೀ, ಅಜ್ಜ್ಯಾ! ಕಡಿಮಿ ಇಲ್ಲಂತ! ನಾಲಗಿ ಹೆಂಡ್ತಿ ಕೈಯಾಗ ಕೊಟ್ಟಿಯೇನ?"

ಅಜ್ಜಪ್ಪ ತಲೆ ತಗ್ಗಿಸಿದ. ಗೌರವ್ವ ಚಾಚಿದ ತಂಬಿಗೆಯನ್ನು ಹಿಂದಕ್ಕೆ ಎಳೆದುಕೊಂಡಳು, ನೀರು ಸೀರೆಯ ಮೇಲೆ ಚೆಲ್ಲಿತು. ಕೊಟ್ಟ ನೀರನ್ನು ಮುಟ್ಟದೆ ನಿಲ್ಲುವುದು ಆ ಮನೆಗೆ ಉಗುಳಿದಂತೆ. ಇಡೀ ಊರಿನ ಮುಂದೆ ಉಗುಳಿದ್ದಳು ಆ ಹೆಂಗಸು.

"ಕಲ್ಲವ್ವನವರ, ಸಮಾಧಾನ" ಎಂದರು ವಕೀಲರು. "ಅವ್ರೇ ಕಡಿಮಿ ಇಲ್ಲ ಅಂದಮ್ಯಾಲೆ ನಮಗೇನ? ಒಡ್ಡಾದ್ರ ಮೊದಲ ನಳ ನಿಮ್ಮ ಬಣ್ಣದ ಮನಿಗೇ ಬರತೈತಿ. ನಿಮಗೇ ಲಾಭ, ನೀವೇ ಒದರಾಡತೀರಲ್ಲ!"

"ಬರ್ಲಿ ನಳ. ಸುಳ್ಳ ಬರದು ತರಬ್ಯಾಡ್ರಿ. ಏಳ್ರಿ, ಹಳ್ಳಕ್ಕ ನಡೀರಿ. ಅಲ್ಲಿ ನೀರ ಕಂಡ್ರ ನಾ ಸಹಿ ಮಾಡತೀನಿ."

ನಡುಹಗಲು. ಹಳ್ಳದ ಉಸುಕು ಕಾವಲಿಯಂತೆ ಕಾದಿತ್ತು. ಗೌರವ್ವನ ಓಣಿಯ ವರ್ತಿಯ ಬಳಿ ಬಂದು ವಕೀಲರು ಇಣುಕಿದರು. ತಳದಲ್ಲಿ ಹಸಿ ಉಸುಕು, ನಡುವೆ ಅಂಗೈಯಗಲ ಕೆಸರು. ಮೇಲಿನ ವರ್ತಿಗಳೂ ಹಾಗೆಯೇ ಇದ್ದವು. ಊರು ಬೆಳಗಿನಲ್ಲೇ ಎಲ್ಲವನ್ನೂ ಹೊತ್ತು ತಂದು ಬೀದಿಗೆ ಸುರಿದಿತ್ತು.

"ಈಗ ಖಾಲಿ ಐತಿ, ನಾಳೆ ತುಂಬತೈತಿ" ಎಂದು ವಕೀಲರು ತಿರುಗಿದರು.

ಕಲ್ಲವ್ವ ವರ್ತಿಯ ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟಳು. "ಎಷ್ಟೊತ್ತಿಗೆ ತುಂಬತೈತಿ ನೋಡೂಣು. ತುಂಬೂತನಾ ನಾ ಏಳಂಗಿಲ್ಲ. ನನ್ನ ಸಹಿ ಇಲ್ಲದ ನಿಮ್ಮ ಕಾಗದ ಮ್ಯಾಲ ಹೋಗಂಗಿಲ್ಲ. ಕುಂದರ್ರಿ."

"ಅಕ್ಕಾರ, ಬಿಸಲಾಗ ಸಾಯಿಸ್ತೀರೇನ ನಮ್ಮನ್ನ?" ಎಂದ ಮೋದಿನಸಾಬ.

"ಸಾಯಂಗಿಲ್ಲ, ಕುಂದ್ರಪ್ಪಾ. ನಿನ್ನ ಹತ್ತಿ ಅಂಡಿಗಿ ಬಿಸಲಾಗ ಒಣಗಿದ್ರ ಹಗರ ಆಗತಾವ, ನೀನೂ ಆಗು."

ಮೋದಿನಸಾಬ ನಗುತ್ತ ರುಮಾಲು ಬಿಚ್ಚಿ ತಲೆಯ ಮೇಲೆ ಹರಡಿಕೊಂಡು ಕೂತ. ವಕೀಲರು ಸ್ವಲ್ಪ ಹೊತ್ತು ಅತ್ತಿತ್ತ ಅಡ್ಡಾಡಿ, ಬೈದು, ಕೊನೆಗೆ ಜಾಲಿಯ ಹರಕು ನೆರಳಿನಲ್ಲಿ ಕೂತರು. ಈ ಹೆಂಗಸು ಬಣ್ಣದ ಮನೆಯ ಬಾಗಿಲಲ್ಲಿ ಹೇಗೆ ಕೂತಿದ್ದಳೆಂದು ಪೇಟೆಯವರಾದ ಅವರಿಗೆ ಗೊತ್ತಿತ್ತು. ಊರಿನವರು ದೂರದಲ್ಲಿ ನಿಂತು ನೋಡಿದರು. ವರ್ತಿಯ ಗೋಡೆಯಿಂದ ಎಳೆಯಂಥ ಒಂದು ಜಿನುಗು ಇಳಿಯುತ್ತಿತ್ತು, ನೋಡುತ್ತಿದ್ದರೆ ಇಳಿಯುತ್ತಿದೆ ಎಂದೇ ಅನ್ನಿಸುತ್ತಿರಲಿಲ್ಲ.

ಇಳಿಹೊತ್ತಿಗೆ ವಕೀಲರ ತುಟಿಗಳು ಅಂಟಿಕೊಂಡವು. "ಯವ್ವಾ, ಒಂದೀಟ ನೀರ ತರಸ್ರಿ ಮನಿಯಿಂದ" ಎಂದು ಗೌರವ್ವನನ್ನು ಕೇಳಿದರು.

ಗೌರವ್ವ ಸೆಟೆದು ಮನೆಗೆ ನಡೆದಳು. ಅವಳು ಇನ್ನೂ ಗೆಲ್ಲಬೇಕೆಂದಿದ್ದಳು. ಪಡಸಾಲೆಯಲ್ಲಿ ತಾಮ್ರದ ಕೊಡಗಳು ಫಳಫಳ ಹೊಳೆಯುತ್ತಿದ್ದವು. ಮೊದಲನೆಯದನ್ನು ಬಾಗಿಸಿದಳು, ಖಾಲಿ. ಕಾಲಿಗೆ ಹೋಗಿತ್ತು. ಎರಡನೆಯದು ಅಡುಗೆಗೆ. ನೆರೆದ ಮಂದಿಯ ಕೈ ತೊಳೆಯಲು, ಮಕ್ಕಳಿಗೆ, ಜೀಪಿನ ಡ್ರೈವರನಿಗೆ ಉಳಿದದ್ದೆಲ್ಲ ಹೋಗಿತ್ತು. ನೆರೆಯ ಕಳಕವ್ವನ ಮನೆಯಲ್ಲಿ ಕೇಳಿದಳು, ಅಲ್ಲಿಯೂ ಇಲ್ಲ. ಓಣಿಯ ಯಾವ ಮನೆಯಲ್ಲೂ ಇಲ್ಲ. ಹೊರಗೆ ಥಳಿ ಒಣಗಿ ಧೂಳು ಮತ್ತೆ ಏಳುತ್ತಿತ್ತು. ಗೌರವ್ವ ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿ, ಯಾರನ್ನು ಬಯ್ಯಬೇಕೆಂದು ತಿಳಿಯದೆ ಎಲ್ಲರನ್ನೂ ಬಯ್ದಳು. ಬರಿಗೈಯಲ್ಲಿ ಹೋಗಲಾಗದೆ ಬಾವಿಯಿಂದ ಒಂದು ತಂಬಿಗೆ ಸೇದಿಕೊಂಡು ಹಳ್ಳಕ್ಕೆ ಹೋದಳು.

ವಕೀಲರು ಒಂದು ಗುಟುಕು ಹಾಕಿದವರೇ ಉಸುಕಿನ ಮೇಲೆ ಉಗುಳಿದರು.

"ಥೂ! ಏನಿದು?"

ಗೌರವ್ವ ನೆಲ ನೋಡುತ್ತ ನಿಂತಳು. ಹೇಳಬಾರದೆಂದು ಪಟ್ಟು ಹಿಡಿದ ಮಾತನ್ನು ಹೇಳದೆ ಉಪಾಯವಿರಲಿಲ್ಲ. "ಬಾವಿ ನೀರ್ರಿ. ಸಿಹಿನೀರ ಮುಗದೈತಿ. ಈ ವರ್ತಿ ಬಿಟ್ರ ನಮಗ ಇದೇ."

"ಉಗಳಬ್ಯಾಡ್ರಿ, ನುಂಗ್ರಿ" ಎಂದಳು ಕಲ್ಲವ್ವ. "ನೀವು ಬರದದ್ದು ಮ್ಯಾಲ ಹೋದ್ರ ಈ ಊರ ಕೂಸುಗೋಳು ದಿನಾ ಇದನ್ನ ನುಂಗಬೇಕು."

ವಕೀಲರು ಕೆಟ್ಟವರಾಗಿರಲಿಲ್ಲ, ಮನೆಗೆ ಬೇಗ ಹೋಗಬೇಕೆನ್ನುವವರಾಗಿದ್ದರು. ಕೋಪದಿಂದಲೇ ಹಾಳೆ ತೆಗೆದು, ಬರೆದದ್ದನ್ನು ಹೊಡೆದು ಹಾಕಿ, ಹೊಸದಾಗಿ ಬರೆದು ಓದಿದರು. ಒಡ್ಡಿಗೆ ತಳಮಟ್ಟದಲ್ಲಿ ತೂಬು ಇಡಬೇಕು, ಬೇಸಿಗೆಯಿಡೀ ಹಳ್ಳಕ್ಕೆ ನೀರು ಬಿಡಬೇಕು, ಬಿಡಲಾಗದಿದ್ದರೆ ಆ ಕೊಳ್ಳದಲ್ಲಿ ಒಡ್ಡು ಬೇಡ. "ಆತೇನ್ರಿ ಈಗ?"

"ಬಿಡಬೇಕು ಅಂದ್ರ ಯಾರ ಬಿಡಬೇಕು? ಬೀಗದ ಕೈ ಯಾರ ಕಡೆ? ಅದನ್ನೂ ಬರೀರಿ. ಬಸರೀಹಾಳದವ್ರ ಕಡೆ ಅಂತ ಬರೀರಿ."

ಅದನ್ನೂ ಬರೆದರು. ಕಲ್ಲವ್ವ ಸಹಿ ಮಾಡಿದಳು. ತೂಬಿನ ಮಾತು ಎಂಜಿನಿಯರರಿಗೆ ಒಗ್ಗಲಿಲ್ಲ. ವರ್ಷ ಕಳೆಯುವುದರಲ್ಲಿ ಅವರು ನಕ್ಷೆಯನ್ನೇ ಬೇರೆ ಕಡೆಗೆ ಒಯ್ದರು, ಪೇಟೆಗೆ ನಳ ಬರುವುದು ಬಹಳ ತಡವಾಯಿತು, ಅದಕ್ಕಾಗಿ ಪೇಟೆಯ ಮಂದಿ ಕಲ್ಲವ್ವನಿಗೆ ಶಾಪ ಹಾಕಿದರು. ಮುಂದಿನ ಚುನಾವಣೆಯಲ್ಲಿ ಆಕೆಯನ್ನು ಸೋಲಿಸಿದರು. ಇದೆಲ್ಲ ಆಮೇಲಿನ ಮಾತು.

ಆ ಸಂಜೆ ವರ್ತಿಯ ತಳದಲ್ಲಿ ನೀರು ನಿಂತು ತಿಳಿಯಾಗುವ ಹೊತ್ತಿಗೆ ಗುಡ್ಡದ ನೆರಳು ಹಳ್ಳಕ್ಕೆ ಬಿದ್ದಿತ್ತು. ಕಲ್ಲವ್ವ ಇಳಿದು ಪರಟಿಯಿಂದ ಬಗೆದಳು. ವಕೀಲರ ಬೊಗಸೆಗೆ ಹಾಕಿದಳು. ಅದೇ ಪರಟಿಯಿಂದ ಮೋದಿನಸಾಬನ ಬೊಗಸೆಗೆ ಹಾಕಿದಳು.

"ಇನ್ನೊಂದೀಟ ಹಾಕ್ರಿ ಅಕ್ಕಾರ" ಎಂದ ಆತ.

"ಮುಗೀತು. ಮುಂಜಾನಿ ಕಾಲಿಗೆ ಸುರಕೊಂಡ್ಯಲ್ಲ, ಅದನ್ನ ನೆನಸು."

ಅಜ್ಜಪ್ಪ ಹತ್ತಿರ ಬಂದು "ಅಕ್ಕಾ, ಇವತ್ತು ಇಲ್ಲೇ ಇರು" ಎಂದು ಏನೋ ಹೇಳಹೋದ. "ಸರಿ ಅತ್ತಾಗ! ಬಾಯಿ ಸತ್ತವನ ಮನ್ಯಾಗ ನಂದೇನೈತಿ?" ಎಂದು ಅಟ್ಟಿದಳು. ಊರಿನವರು ಕೈಮುಗಿಯಲು ಬಂದರೆ ಅವರನ್ನೂ ಅಟ್ಟಿದಳು. ಎಲ್ಲರೂ ಜೀಪಿನ ಕಡೆ ನಡೆದರು.

ಗೌರವ್ವ ಮುಳ್ಳು ತರಲು ಹೋಗಿದ್ದಳು. ವರ್ತಿ ಮುಚ್ಚುವ ಪಾಳಿ ಅವಳ ಮನೆಯದು. ಊರು ಉಳಿದಿತ್ತು ನಿಜ, ಆದರೆ ಆ ಹೆಂಗಸು ಅದನ್ನು ಉಳಿಸಿದ್ದು ಗೌರವ್ವನ ಮಾನ ತೆಗೆದು. ಗೆಲ್ಲುವುದಕ್ಕೆಂದೇ ಬಂದಿದ್ದಳು, ಗೆದ್ದು ಹೋದಳು. ಊರಿನ ಮೇಲಿನ ಪ್ರೀತಿಗೆ ಬಂದವಳಲ್ಲ. ಜಾಲಿಯ ಕಂಟಿ ಎಳೆದುಕೊಂಡು ಹಳ್ಳದ ದಡಕ್ಕೆ ಬಂದಾಗ ವರ್ತಿಯ ಬಳಿ ಕಲ್ಲವ್ವ ಒಬ್ಬಳೇ ಇದ್ದಳು. ಗೌರವ್ವ ದಡದ ಮೇಲೆಯೇ ನಿಂತಳು.

ಬೆಳಗಿನಿಂದ ಕಲ್ಲವ್ವನ ಬಾಯಿಗೆ ಒಂದು ಹನಿ ನೀರು ಬಿದ್ದಿರಲಿಲ್ಲ. ಮನೆಯ ತಂಬಿಗೆಯನ್ನು ಮುಟ್ಟಿರಲಿಲ್ಲ, ಬಾವಿಯದನ್ನು ಕೇಳಿರಲಿಲ್ಲ, ವರ್ತಿಯದನ್ನು ಆಮೇಲೂ ಕುಡಿದಿರಲಿಲ್ಲ. ತುಟಿಗಳು ಒಡೆದು ಬೆಳ್ಳಗಾಗಿದ್ದವು. ತಳದಲ್ಲಿ ಮತ್ತೆ ಕೂಡಿದ್ದ ನೀರನ್ನು ಆಕೆ ಪರಟಿಯಿಂದ ಒತ್ತಿ ಒತ್ತಿ ಬಗೆದು ತುಂಬಿಸಿದಳು. ಬಾಯಿಯ ತನಕ ಎತ್ತಿದಳು.

ದೂರದಲ್ಲಿ ಜೀಪು ಹಾರ್ನು ಹೊಡೆಯಿತು.

ಕಲ್ಲವ್ವ ಪರಟಿಯನ್ನು ಕೆಳಗಿಳಿಸಿದಳು. ದಂಡೆಯ ಮೇಲೆ ಉಸುಕನ್ನು ಅಂಗೈಯಿಂದ ಸಮ ಮಾಡಿ, ಉರುಳದಂತೆ ಸುತ್ತ ಹರಳು ಒತ್ತಿ, ತುಂಬಿದ ಪರಟಿಯನ್ನು ಅಲ್ಲಿ ಇಟ್ಟಳು. ಒದ್ದೆಯ ಬೆರಳನ್ನು ತುಟಿಗೆ ಕೂಡ ಮುಟ್ಟಿಸದೆ ಸೆರಗಿಗೆ ಒರೆಸಿಕೊಂಡು ದಡ ಹತ್ತಿದಳು. ಗೌರವ್ವನನ್ನು ಕಂಡು ಒಂದು ಕ್ಷಣ ನಿಂತಳು.

"ಏನ ನೋಡತೀ? ಮುಳ್ಳ ಸರ್ಯಾಗಿ ಮುಚ್ಚು" ಎಂದು ಗದರಿ ಜೀಪಿನ ಕಡೆ ನಡೆದಳು.